ಎರಡನೇ ಗುಂಡಿ

ಒಂದು ಮಾಮೂಲಿ ಶನಿವಾರ ಶಾಲೆ ಮುಗಿಸಿ, ಬಸವಕಲ್ಯಾಣದಿಂದ ಹುಮನಾಬಾದಿಗೆ ಕಾರಿನ ಸರ್ವಿಸಿಗೆ ಹೋಗಿದ್ದೆ. ತೀರಿಕೊಂಡ ನಮ್ಮ ಯಜಮಾನರು ಆಸೆಪಟ್ಟು ಕೊಂಡಿದ್ದ ದುಬಾರಿ ಕಾರು ಅದು.

ಆಯಿಲ್ ಬದಲಿಸಿದ ಮೆಕ್ಯಾನಿಕ್, ನಾನು ಬೆನ್ನಿಗೆ ಇಟ್ಟುಕೊಳ್ಳುವ ದಿಂಬು ನೋಡಿ ನಕ್ಕರು. “ಇಂಥಾ ಗಾಡ್ಯಾಗ ದಿಂಬು ಯಾಕ್ರಿ ಅಕ್ಕೋರ? ನಿದ್ದಿ ಮಾಡ್ತೀರೇನು?”

“ಕಾಲು ಎಟಕಂಗಿಲ್ರಿ. ಸೀಟು ಮುಂದ ತಂದ್ರ ನಮ್ಮವರು ಕೂಡ್ತಿದ್ದ ಜಾಗ ಹೋಗ್ತದ,” ಎಂದೆ.

ಅವರ ನಗು ನಿಂತಿತು. ಸೀಟು ಇದ್ದ ಹಾಗೆಯೇ ಬಾಗಿಲಿನಲ್ಲಿದ್ದ ಸೀಟಿನ ಗುಂಡಿಗಳಲ್ಲಿ ಒಂದನ್ನು ಒತ್ತಿ ಹಿಡಿದರು. ಆಮೇಲೆ ನನ್ನನ್ನು ಕೂರಿಸಿ, ಸೀಟು ಮುಂದೆ ತಂದು, ಇನ್ನೊಂದನ್ನು ಒತ್ತಿದರು. “ಒಂದನೇದು ಸಾಹೇಬರದು, ಎರಡನೇದು ನಿಮ್ದು. ಗಾಡಿ ಇಬ್ಬರನ್ನೂ ನೆನಪಿಡ್ತದ್ರಿ.”

ನಂಬಿಕೆಯಾಗದೆ ಒಂದನೇ ಗುಂಡಿ ಒತ್ತಿದೆ. ಸೀಟು ಮೆಲ್ಲಗೆ ಹಿಂದೆ ಸರಿದು ನಮ್ಮವರ ಜಾಗದಲ್ಲೇ ನಿಂತಿತು. ಆಮೇಲೆ ಎರಡನೇದನ್ನು ಒತ್ತಿದೆ.

ವಾಪಸ್ ಬರುವಾಗ ದಿಂಬು ಹಿಂದಿನ ಸೀಟಿನ ಮೇಲಿತ್ತು.