ಸಿಗ್ನಲ್ ಇಲ್ಲದ ವಿಳಾಸ

ಅಮೆರಿಕದ ನೆಬ್ರಾಸ್ಕಾದಲ್ಲಿ ಚೆಕ್ ವಲಸಿಗರು ಕಟ್ಟಿಕೊಂಡ ನಮ್ಮ ಊರಿನಲ್ಲಿ ಜಿಪುಣರಿಗೇನೂ ಬರವಿಲ್ಲ. ಆದರೂ ಗಾಳಿಯಂತ್ರ ರಿಪೇರಿಯ ಲೂಮಿರ್ ಹವ್ಲಿಚೆಕ್‌ನ ಮುಂದೆ ನಾವೆಲ್ಲ ದಾನಶೂರ ಕರ್ಣರು. ಕನ್ನಡಿ ಸವೆದೀತೆಂದು ಅವನು ವಾರಕ್ಕೊಮ್ಮೆ ಮಾತ್ರ ಮುಖ ನೋಡಿಕೊಳ್ಳುತ್ತಿದ್ದ. ಅಂಥ ಬ್ರಹ್ಮಚಾರಿ ಮುಪ್ಪಿನಲ್ಲಿ ಮೊಬೈಲ್ ತಂದ. ಕಾರಣ ವ್ಲಾಸ್ತಾ.

ವ್ಲಾಸ್ತಾ ಅವನ ಮನೆಯ ಹಿಂದಿನ ಬೀದಿಯ ವಿಧವೆ. ಚರ್ಚಿನ ಅಡುಗೆಮನೆಯಲ್ಲಿ ಗಸಗಸೆ ತುಂಬಿದ ಕೊಲಾಚ್ ಬನ್ನು ಬೇಯಿಸುವವಳು. ಎದುರು ಸಿಕ್ಕರೆ ಲೂಮಿರ್‌ನ ನಾಲಿಗೆ ಬಾಯೊಳಗೆ ಬೀಗ ಹಾಕಿಕೊಂಡು ಮಲಗುತ್ತಿತ್ತು. ಒಂದೇ ಕಂಪನಿಯ ಫೋನುಗಳ ನಡುವೆ ಮಾತು ಪುಕ್ಕಟೆ ಎಂದು ತಿಳಿದು ಇಬ್ಬರೂ ಎರಡು ವರ್ಷದ ಕರಾರಿಗೆ ಸಹಿ ಹಾಕಿದರು. ಸಂಜೆ ಇವನು ಹಿಂಬದಿಯ ಜಗಲಿಯಲ್ಲಿ, ಅವಳು ಹಿತ್ತಿಲಲ್ಲಿ. ಫೋನಿಲ್ಲದಿದ್ದರೂ ಕೇಳಿಸುವಷ್ಟು ಹತ್ತಿರ. ಮಾತೆಲ್ಲ ಹವಾಮಾನದ್ದು, ಇವನ ಮೊಣಕಾಲು ನೋವಿನದು. ನಮ್ಮವರು ಹೆಂಡತಿಗೆ 'ಸಾರು ಪರವಾಗಿಲ್ಲ' ಎಂದರೆ ಅದೇ ಪ್ರೇಮಕಾವ್ಯ.

ಆಗಸ್ಟಿನಲ್ಲಿ ವ್ಲಾಸ್ತಾಳ ಮಗಳು ಅವಳನ್ನು ಪಶ್ಚಿಮದ ಮರಳುಗುಡ್ಡಗಳ ನಡುವಿನ ತನ್ನ ದನ ಸಾಕುವ ಫಾರ್ಮಿಗೆ ಕರೆದೊಯ್ದಳು. ಅಲ್ಲಿ ಪಕ್ಕದ ಮನೆಯವರ ಜಗಳ ಕೇಳಬೇಕಾದರೂ ಪೆಟ್ರೋಲ್ ಹಾಕಿಸಿಕೊಂಡು ಹೋಗಬೇಕು. ಟವರ್ ಇಲ್ಲವೆಂದು ಕಂಪನಿ ಅವಳ ಕರಾರನ್ನು ದಂಡವಿಲ್ಲದೆ ಬಿಟ್ಟಿತು. ಉಳಿದದ್ದು ಅಡುಗೆಮನೆಯ ಗೋಡೆಯ ಫೋನು, ಅದರ ಸುತ್ತ ಇಡೀ ಸಂಸಾರ. ಲೂಮಿರ್ ಒಮ್ಮೆ ಧೈರ್ಯ ಮಾಡಿದ. ಅಳಿಯ ಎತ್ತಿದ. ಇವನು ಗಾಬರಿಯಲ್ಲಿ ಕರುಗಳ ರೇಟು ಕೇಳಿ ಇಟ್ಟುಬಿಟ್ಟ.

ಆಮೇಲೆ ಸಂಜೆಯೆಲ್ಲ ಮೂಕ ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಅವಳು ಬಟ್ಟೆ ಒಣಹಾಕುತ್ತಿದ್ದ ಬರಿಯ ಹಗ್ಗವನ್ನೇ ನೋಡುತ್ತ ಕೂರುತ್ತಿದ್ದ.

"ಆ ಫೋನ್ ಬಿಟ್ಟುಬಿಡೋ ಮಾರಾಯ, ನಿನ್ನ ನೋಡೋಕಾಗ್ತಿಲ್ಲ," ಎಂದೆ.

ನನ್ನ ಕ್ಷೌರದಂಗಡಿಯ ಫೋನಿನಿಂದಲೇ ಕಂಪನಿಗೆ ಕರೆ ಮಾಡಿದ.

"ಕರಾರು ನಡುವೆ ಬಿಟ್ರೆ ಇನ್ನೂರು ಡಾಲರ್ ದಂಡ ಸರ್," ಎಂದಳು ಕಂಪನಿಯ ಹುಡುಗಿ.

"ಇನ್ನೂರಾ! ಸತ್ರೆ ಎಷ್ಟು?"

"ಸತ್ರೆ ದಂಡ ಇಲ್ಲ ಸರ್. ಸಿಗ್ನಲ್ ಇಲ್ಲದ ಕಡೆ ಮನೆ ಬದಲಾಯಿಸಿದ್ರೂ ಇಲ್ಲ. ಆ ಮನೆಯವರಿಂದ ಒಂದು ಪತ್ರ ಬೇಕು, ಅಷ್ಟೇ."

ಲೂಮಿರ್‌ಗೆ ಸಿಗ್ನಲ್ ಇಲ್ಲದ ಮನೆ ಗೊತ್ತಿದ್ದದ್ದು ಒಂದೇ. ಅಲ್ಲಿಗೇ ಫೋನ್ ಮಾಡಿದ. ಈ ಸಲ ವ್ಲಾಸ್ತಾಳೇ ಎತ್ತಿದಳು. ಅವಳ ದನಿ ಎಷ್ಟು ಜೋರೆಂದರೆ, ನನ್ನ ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದ ಕಿವುಡ ಪಾದ್ರಿಯೂ ಕತ್ತು ತಿರುಗಿಸಿದ.

"ವ್ಲಾಸ್ತಾ, ನಾನು ನಿಮ್ಮನೇಲಿದೀನಿ ಅಂತ ಒಂದು ಕಾಗದ ಬರ್ಕೊಡ್ತೀಯಾ? ಸುಮ್ನೆ, ದಂಡ ತಪ್ಪಿಸ್ಕೊಳ್ಳೋಕೆ."

ಆ ಕಡೆ ತಟ್ಟೆಗಳ ಸದ್ದು ನಿಂತಿತು.

"ಸುಳ್ಳು ಬರೆಯೋಲ್ಲ ನಾನು."

"ಸರಿ... ಬಿಡು ಹಾಗಾದ್ರೆ."

"ಏ ದಡ್ಡ! ಬಂದು ಇದ್ರೆ ಸುಳ್ಳಾಗುತ್ತಾ? ಸಂಜೆಯಾದ್ರೆ ಇಲ್ಲಿ ಒಂದು ಹಾಳು ಗಾಳಿಯಂತ್ರ ಕಿರುಗುಟ್ಟೋದು ಬಿಟ್ರೆ ಮಾತಾಡೋರೇ ಇಲ್ಲ. ಆ ಮೊಣಕಾಲಿನ ಕಥೆ ಕೇಳಿ ಸಾಕಾಗಿದೆ, ಮೊಣಕಾಲನ್ನೇ ಕರ್ಕೊಂಡು ಬಾ."

ಲೂಮಿರ್ ರಿಸೀವರನ್ನು ಎದೆಗೊತ್ತಿಕೊಂಡು ನಿಂತ. ಪಾದ್ರಿಯೇ ಗದರಿದ: "ಹ್ಞೂಂ ಅನ್ನೋ! ಅದಕ್ಕೂ ದುಡ್ಡು ಕೊಡ್ಬೇಕಾ?"

"ಹ್ಞೂಂ," ಎಂದ.

ಮರುದಿನ ಹಳೆಯ ಟ್ರಕ್ಕಿಗೆ ಸ್ಪ್ಯಾನರುಗಳನ್ನೂ ಒಂದೇ ಒಂದು ಒಳ್ಳೆಯ ಕೋಟನ್ನೂ ಹಾಕಿಕೊಂಡು ಹೊರಟ. ಹೋಗುತ್ತ ಹೋಗುತ್ತ ಫೋನಿನ ಪರದೆಯ ಮೇಲೆ ಸಿಗ್ನಲ್ ಗೆರೆಗಳು ಒಂದೊಂದಾಗಿ ಅಳಿದವಂತೆ. ಕೊನೆಯದೊಂದು ಗೆರೆ ಮಾತ್ರ ಗುಡ್ಡ ಇಳಿದರೂ ಅಂಟಿಕೊಂಡೇ ಇತ್ತು. ಪೆಟ್ರೋಲ್ ಉಳಿಸಲು ಬಸವನಹುಳುವಿಗೂ ದಾರಿ ಬಿಡುತ್ತಿದ್ದವನು ಆಕ್ಸಿಲರೇಟರನ್ನು ನೆಲಕ್ಕೊತ್ತಿ, "ತೊಲಗೇ ಮಹರಾಯ್ತಿ, ತೊಲಗು," ಎಂದು ಆ ಗೆರೆಯನ್ನೇ ಬೇಡಿಕೊಂಡನಂತೆ.