ಮುನ್ನೂರ ಹನ್ನೆರಡು ಹೆಜ್ಜೆ ದೂರದ ಟೀ

ಬೆಳಗಿನ ನಾಲ್ಕೂವರೆ. ಬಸ್ ಡಿಪೋದ ಅಂಗಳದಲ್ಲಿ ಸಾಲಾಗಿ ನಿಂತ ಬಸ್ಸುಗಳ ಗಾಜಿನ ಮೇಲೆ ಇಬ್ಬನಿ ಕೂತಿದೆ. ಡೀಸೆಲ್ ವಾಸನೆಯ ನಡುವೆ ಎಲ್ಲಿಂದಲೋ ಬೇಯುವ ಸೊಪ್ಪಿನ ಘಮ ತೇಲಿ ಬರುತ್ತದೆ. ಅದರ ಜಾಡು ಹಿಡಿದು ಹೋದರೆ ತಗಡಿನ ಮಾಡಿನ ಕ್ಯಾಂಟೀನು. ಒಳಗೆ ಐವತ್ತೆರಡರ ಹೆಂಗಸೊಬ್ಬರು ತೋಳು ಮೇಲೇರಿಸಿಕೊಂಡು, ಒದ್ದೆ ಬಟ್ಟೆಯ ಗಂಟು ಬಿಚ್ಚಿ, ಮೊಳಕೆ ಬಂದ ಕಾಳನ್ನು ಹಬೆಯಾಡುವ ಪಾತ್ರೆಗೆ ಸುರಿಯುತ್ತಿದ್ದಾರೆ. ಹನ್ನೊಂದು ವರ್ಷದಿಂದ ಇಲ್ಲಿ ಅಡುಗೆಯವರು. ಡಿಪೋದಲ್ಲಿ ಅವರ ಹೆಸರು ಬಟ್ಟಲಕ್ಕ.

ಇವತ್ತು ಬಟ್ಟಲಕ್ಕನ ಗಮನ ಒಲೆಯ ಮೇಲಿಲ್ಲ. ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ರುಚಿ ನೋಡಿದ್ದಾರೆ. ಹತ್ತು ಗಂಟೆಗೆ ಡಿಪೋಗೆ ಡಾಕ್ಟರು ಬರುತ್ತಾರೆ, ಹತ್ತೊಂಬತ್ತನೇ ನಂಬರ್ ಬಸ್ಸಿನ ಡ್ರೈವರಿಗೆ ಮರುಪರೀಕ್ಷೆ. ಮೂರು ತಿಂಗಳ ಹಿಂದೆ ಸಕ್ಕರೆ, ಬಿಪಿ, ತೂಕ ಮೂರರಲ್ಲೂ ಫೇಲಾದ ನಲವತ್ತಾರರ ಈ ಮನುಷ್ಯ ಇವತ್ತೂ ಫೇಲಾದರೆ ಸ್ಟೇರಿಂಗ್ ಕೈತಪ್ಪಿ ಹೋಗುತ್ತದೆ. ಬಸ್ಸು ತೊಳೆಯುವುದಕ್ಕೋ ಗೇಟು ಕಾಯುವುದಕ್ಕೋ ಹಾಕುತ್ತಾರೆ.

"ಪರೀಕ್ಷೆ ಅವನದು, ಸಂಕಟ ನಂದು" ಎನ್ನುತ್ತಾರೆ ಅಕ್ಕ, ಸೌಟು ಕೆಳಗಿಡದೆ.

ಐದಕ್ಕೆ ಮೊದಲ ಪಾಳಿಯವರು ಬರುತ್ತಾರೆ. ಇಲ್ಲಿನ ಕಾನೂನು ಒಂದೇ: ಮೊದಲು ಬಟ್ಟಲು, ಆಮೇಲೆ ತಟ್ಟೆ. ಬಟ್ಟಲಿನಲ್ಲಿ ಬೇಯಿಸಿದ ಕಾಳು, ಸೊಪ್ಪು, ಹೆಚ್ಚಿದ ಕ್ಯಾರೆಟ್ಟು, ಮೇಲೆ ಅರ್ಧ ಮೊಟ್ಟೆ, ಒಂದಿಷ್ಟು ನಿಂಬೆರಸ. ಅದನ್ನು ಖಾಲಿ ಮಾಡಿ ತೋರಿಸಿದವರಿಗೆ ಮಾತ್ರ ಅನ್ನದ ತಟ್ಟೆ. ಡ್ರೈವರುಗಳು ಇದಕ್ಕೆ ಮೇವು ಎಂದು ಹೆಸರಿಟ್ಟಿದ್ದಾರೆ. ಇವತ್ತು ಯಾವ ಮೇವಕ್ಕಾ ಎಂದು ಕೇಳಿಕೊಂಡೇ ಸಾಲಿನಲ್ಲಿ ನಿಲ್ಲುತ್ತಾರೆ. ಎತ್ತಿಗೆ ಮೇವು ಹಾಕದೆ ಗಾಡಿ ಓಡುತ್ತಾ ಎಂದು ಅಕ್ಕನೂ ಬಿಡುವುದಿಲ್ಲ. ದಿನಕ್ಕೆ ಇನ್ನೂರ ಹದಿನಾಲ್ಕು ಬಟ್ಟಲು, ಕೈ ಜೋಡಿಸಲು ಇಬ್ಬರು ಹೆಂಗಸರು.

ಇಷ್ಟಕ್ಕೂ ಒಂದು ಊಟಕ್ಕೆಂದು ಆಫೀಸು ಕೊಡುವ ದುಡ್ಡಿನಲ್ಲಿ ಹೊರಗಿನ ಬೇಕರಿಯಲ್ಲಿ ಎರಡು ಬನ್ನು ಬಂದರೆ ಹೆಚ್ಚು. ನಾಲ್ಕು ವರ್ಷದಿಂದ ಅದು ಏರಿಲ್ಲ. ಬೇರೆಯವರಿಗೆ ಇದು ಕಬ್ಬಿಣದ ಕಡಲೆ. ಅಕ್ಕ ಮಾತ್ರ ಕಡಲೆಯನ್ನೇ ನೆನೆಹಾಕಿ ಗೆದ್ದಿದ್ದಾರೆ. ಕಾಳು ನೆನೆದರೆ ಒಂದು ಸೇರು ಎರಡಾಗುತ್ತದೆ, ಮೊಳಕೆ ಬಂದರೆ ಇನ್ನಷ್ಟು. ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋಗಿ, ಯಾರೂ ಮುಟ್ಟದ ಸೊಟ್ಟ ಕ್ಯಾರೆಟ್ಟು, ಗೆರೆ ಬಿದ್ದ ಕುಂಬಳಕಾಯಿ ತರುತ್ತಾರೆ. ಎಲೆಕೋಸಿನ ಹೊರಗಿನ ಎಲೆಯನ್ನು ಅಂಗಡಿಯವರು ಸುಮ್ಮನೆ ಕೊಡುತ್ತಾರೆ. ಕರಿಯುವುದನ್ನು ನಿಲ್ಲಿಸಿದ ತಿಂಗಳು ಉಳಿದ ಎಣ್ಣೆಯ ದುಡ್ಡಿನಲ್ಲಿ ಎಲ್ಲರ ಪಾಲಿಗೂ ಅರ್ಧ ಮೊಟ್ಟೆ ಬಂತು. "ಕ್ಯಾರೆಟ್ ಸೊಟ್ಟ ಇದ್ರೇನು, ಹೊಟ್ಟೆ ಒಳಗೆ ಹೋದ್ಮೇಲೆ ಯಾರು ಸ್ಕೇಲ್ ಇಟ್ಟು ನೋಡ್ತಾರೆ?" ಎಂದು ಕೇಳುತ್ತಾರೆ.

ಇನ್ನು ಟೀ. ಈ ಕ್ಯಾಂಟೀನಿನಲ್ಲಿ ಎಲ್ಲವೂ ಸಿಗುತ್ತದೆ, ಟೀ ಒಂದು ಬಿಟ್ಟು. ಟೀ ಬೇಕಾದವರು ಅಂಗಳದ ಆ ತುದಿಯಲ್ಲಿರುವ ಟೈರ್ ಶೆಡ್ಡಿಗೆ ನಡೆಯಬೇಕು. ಆರು ವರ್ಷದ ಹಿಂದೆ ಕ್ಯಾಂಟೀನಿನ ಒಲೆ ಕೆಟ್ಟಾಗ ಟೀ ಡ್ರಮ್ಮನ್ನು ಒಂದು ತಿಂಗಳ ಮಟ್ಟಿಗೆ ಅಲ್ಲಿಗೆ ಸಾಗಿಸಿದ್ದರು. ದಿನವಿಡೀ ಕೂತೇ ದುಡಿಯುವ ಜನ ಆ ಒಂದು ತಿಂಗಳು ಟೀಗೋಸ್ಕರ ನಡೆದರು, ಬೈದುಕೊಂಡೇ ನಡೆದರು. ತಿಂಗಳ ಕೊನೆಗೆ ಸೊಂಟನೋವು ಎನ್ನುವವರು ಕಡಿಮೆಯಾಗಿದ್ದನ್ನು ಅಕ್ಕ ಗಮನಿಸಿದರು. ಒಲೆ ಸರಿಹೋಯಿತು, ಡ್ರಮ್ಮು ವಾಪಸು ಬರಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಇವತ್ತಿಗೂ ಒಂದೇ ಉತ್ತರ: ರಿಪೇರಿ ಇನ್ನೂ ಮುಗಿದಿಲ್ಲ. ಉರಿಯುವ ಒಲೆಯ ಮುಂದೆಯೇ ನಿಂತು ಅಕ್ಕ ಇದನ್ನು ಹೇಳುತ್ತಾರೆ, ಕೇಳಿದವರೂ ತಲೆಯಾಡಿಸಿ ಶೆಡ್ಡಿನ ಕಡೆ ಹೊರಡುತ್ತಾರೆ. ಹೋಗಲು ಮುನ್ನೂರ ಹನ್ನೆರಡು ಹೆಜ್ಜೆ, ಬರಲು ಅಷ್ಟೇ. ದಿನಕ್ಕೆ ನಾಲ್ಕು ಟೀ ಕುಡಿಯುವವನು ತನಗೇ ಗೊತ್ತಿಲ್ಲದೆ ಎರಡೂವರೆ ಸಾವಿರ ಹೆಜ್ಜೆ ಹಾಕಿರುತ್ತಾನೆ. ದುಡ್ಡು ಕೊಟ್ಟು ಜಿಮ್ಮಿಗೆ ಹೋಗಲಾಗದವರಿಗೆ ಇಂಥದೊಂದು ಜಿಮ್ಮು ಕಟ್ಟಿಕೊಟ್ಟ ಈ ತಲೆಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಆ ಹೆಜ್ಜೆಗಳನ್ನು ಎಣಿಸಿದವರು ಅಕ್ಕನ ಗಂಡ. ಅಕ್ಕ ಎಲ್ಲರಿಗೂ ಅಕ್ಕನಾದ ಮೇಲೆ ಅವರು ಎಲ್ಲರಿಗೂ ಭಾವ. ಭಾವ ಈಗ ಡಿಪೋದ ಗೇಟಿನಲ್ಲಿ ಕೂತು, ಬಸ್ಸು ಬಂದಾಗ ಸರಪಳಿ ಬಿಚ್ಚುತ್ತಾರೆ, ಹೋದಾಗ ಹಾಕುತ್ತಾರೆ. ಹನ್ನೆರಡು ವರ್ಷದ ಹಿಂದೆ ಹತ್ತೊಂಬತ್ತನೇ ನಂಬರನ್ನು ಓಡಿಸುತ್ತಿದ್ದವರು ಅವರೇ. ಸಕ್ಕರೆ ಕಾಯಿಲೆ ಸದ್ದಿಲ್ಲದೆ ಬಂದು ಕಣ್ಣಿಗೆ ಇಳಿಯಿತು. ಪರೀಕ್ಷೆಯಲ್ಲಿ ಗೋಡೆಯ ಮೇಲಿನ ದೊಡ್ಡ ಅಕ್ಷರವೂ ಕಾಣಲಿಲ್ಲ. ಅಲ್ಲಿಗೆ ಸ್ಟೇರಿಂಗ್ ಹೋಯಿತು. ಮನೆ ನಡೆಯಲೆಂದು ಮರುವರ್ಷ ಆಫೀಸಿನವರು ಹೆಂಡತಿಗೆ ಕ್ಯಾಂಟೀನಿನಲ್ಲಿ ಕೆಲಸ ಕೊಟ್ಟರು.

ಈ ಕಥೆ ಹೇಳುವಾಗ ಅಕ್ಕ ಯಾರನ್ನೂ ದೂರುವುದಿಲ್ಲ, ತನ್ನೊಬ್ಬಳನ್ನು ಬಿಟ್ಟು. "ದಣಿದು ಬರ್ತಾರೆ ಪಾಪ ಅಂತ ಲೋಟಕ್ಕೆ ಮೂರು ಚಮಚ ಸಕ್ಕರೆ ಹಾಕ್ತಿದ್ದೆ. ದಿನಾ ಏನಾದ್ರೂ ಕರಿದು ಕೊಡ್ತಿದ್ದೆ. ಪ್ರೀತೀನ ಚಮಚದಲ್ಲಿ ಅಳೀತಿದ್ದೆ ನೋಡಿ. ಆಗ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ." ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾವೆಲ್ಲ ಪುಸ್ತಕದಲ್ಲಿ ಓದಿದ್ದೇವೆ. ಅಕ್ಕ ಅದನ್ನು ಗಂಡನ ಕಣ್ಣು ಕೊಟ್ಟು ಕಲಿತರು.

ಹತ್ತೊಂಬತ್ತರ ಡ್ರೈವರು ಸುಲಭದ ಆಸಾಮಿಯಲ್ಲ. ಫೇಲಾದ ಮೇಲೆ ಮೊದಲ ತಿಂಗಳು ಬಟ್ಟಲು ಹಿಡಿದು ಹೊರಗೆ ಹೋಗಿ, ನಿಮಿಷದಲ್ಲಿ ಖಾಲಿ ಬಟ್ಟಲು ತಂದು ತೋರಿಸುತ್ತಿದ್ದ. ಅಕ್ಕನಿಗೆ ಖುಷಿಯೋ ಖುಷಿ. ಆದರೆ ದಿನ ಕಳೆದಂತೆ ಡಿಪೋದ ಬಡಕಲು ನಾಯಿಗೆ ಮೈಕೈ ತುಂಬಿಕೊಂಡು ಹೊಳಪು ಬಂತು, ಡ್ರೈವರಿಗೆ ಬರಲಿಲ್ಲ. ಅನುಮಾನ ಬಂದು ಹಿಂದೆ ಹೋಗಿ ನೋಡಿದರೆ, ಮೇವೆಲ್ಲ ನಾಯಿಯ ಪಾಲು. ಅವನ ಸೀಟಿನ ಕೆಳಗೆ ಸಿಹಿ ಬನ್ನಿನ ಪೊಟ್ಟಣ.

ಅಕ್ಕ ಬೈಯಲಿಲ್ಲ. ಅವನನ್ನು ಗೇಟಿಗೆ ಕರೆದುಕೊಂಡು ಹೋಗಿ, ಒಂದು ಗಂಟೆ ಭಾವನ ಜೊತೆ ಕೂತಿರು ಎಂದು ಹೇಳಿ ವಾಪಸು ಬಂದರು. ಆ ಒಂದು ಗಂಟೆಯಲ್ಲಿ ಏನಾಯಿತೆಂದು ಡ್ರೈವರೇ ಹೇಳುತ್ತಾನೆ. ಬಸ್ಸು ತಿರುವಿನಲ್ಲಿ ಇರುವಾಗಲೇ ಭಾವ ಸದ್ದು ಕೇಳಿ ನಂಬರು ಹೇಳುತ್ತಿದ್ದರಂತೆ. ಇನ್ನೊಂದು ಪಾಳಿಯವನು ಓಡಿಸಿಕೊಂಡು ಹತ್ತೊಂಬತ್ತು ಬಂದಾಗ ಮಾತ್ರ ಎದ್ದು ನಿಂತರಂತೆ. "'ಸೆಕೆಂಡ್ ಗೇರಲ್ಲಿ ಸ್ವಲ್ಪ ಜಗ್ಗುತ್ತೆ ಕಣಪ್ಪ, ಹುಷಾರಾಗಿ ನೋಡ್ಕೋ' ಅಂದ್ರು. ಹನ್ನೆರಡು ವರ್ಷ ಆಗಿದೆ, ಇನ್ನೂ ಅದೇ ಬಸ್ಸು ಅಂದ್ಕೊಂಡಿದ್ದಾರೆ. ಅದು ಯಾವತ್ತೋ ಗುಜರಿಗೆ ಹೋಯ್ತು, ಈಗಿರೋದು ಬೇರೆ, ನಂಬರ್ ಮಾತ್ರ ಅದೇ. ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ."

ಮರುದಿನದಿಂದ ಡ್ರೈವರು ಒಲೆಯ ಎದುರಿಗೇ ನಿಂತು ಬಟ್ಟಲು ಖಾಲಿ ಮಾಡತೊಡಗಿದ. ಸಕ್ಕರೆಯಿಲ್ಲದ ಟೀಗೆ ದಿನಕ್ಕೆ ಐದು ಸಲ ಶೆಡ್ಡಿಗೆ ನಡೆದ. ತಿಂಡಿ ಬದಲಾಯಿತಲ್ಲ, ಮಾತ್ರೆ ಬಿಡಬಹುದಾ ಎಂದು ಒಮ್ಮೆ ಕೇಳಿದ್ದಕ್ಕೆ ಅಕ್ಕ ಸೌಟು ಎತ್ತಿದರಂತೆ. "ಮಾತ್ರೆ ಡಾಕ್ಟರದು, ಬಟ್ಟಲು ನಂದು. ಅವರ ಕೆಲಸಕ್ಕೆ ನಾನು ಕೈಹಾಕಲ್ಲ." ಹೀಗೆ ಎರಡು ತಿಂಗಳು. ನಾಯಿ ಮತ್ತೆ ಮೊದಲಿನಂತಾಗದಿರಲಿ ಎಂದು ಅದಕ್ಕೂ ಅಕ್ಕ ಪಾತ್ರೆಯ ತಳ ಕೆರೆದು ಇಷ್ಟು ಹಾಕುತ್ತಾರೆ. ಅದೇನು ಪಾಪ ಮಾಡಿತ್ತು.

ಹತ್ತು ಗಂಟೆ. ಆಫೀಸಿನ ಪಕ್ಕದ ಕೋಣೆಗೆ ಡ್ರೈವರು ಹೋಗಿ ಬಾಗಿಲು ಹಾಕಿಕೊಂಡಿದ್ದಾನೆ. ಕ್ಯಾಂಟೀನಿನಲ್ಲಿ ಅಕ್ಕ ಹೆಚ್ಚಿದ ಕುಂಬಳಕಾಯಿಯನ್ನೇ ಮತ್ತೆ ಹೆಚ್ಚುತ್ತಿದ್ದಾರೆ. ಮಧ್ಯಾಹ್ನದ ಕುಂಬಳಕಾಯಿ ಚೂರುಚೂರಾಗಿದೆ ಎಂದು ಜೊತೆಯ ಹೆಂಗಸು ಮೆಲ್ಲಗೆ ಚಾಕು ತೆಗೆದಿಡುತ್ತಾಳೆ. ಹೋದ ವರ್ಷ ಇಬ್ಬರಿಗೆ ಸ್ಟೇರಿಂಗ್ ಹೋಯಿತು ಎಂದು ಅಕ್ಕ ತಾವಾಗಿಯೇ ಹೇಳುತ್ತಾರೆ. ಅವರಿಬ್ಬರಿಗೂ ಬಡಿಸುತ್ತಿದ್ದವರು ತಾವೇ, ಎಲ್ಲಿ ತಪ್ಪಿದೆನೋ ಎಂದು ಇವತ್ತಿಗೂ ಹುಡುಕುತ್ತಿದ್ದಾರೆ.

ಹತ್ತೂ ಮುಕ್ಕಾಲಿಗೆ ಬಾಗಿಲು ತೆರೆಯುತ್ತದೆ. ಡ್ರೈವರು ಕೈಯಲ್ಲೊಂದು ಕಾಗದ ಹಿಡಿದು ಅಂಗಳ ದಾಟಿ ಬರುತ್ತಾನೆ. ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕಾಗದವನ್ನು ಅಕ್ಕನ ಕೈಗೆ ಕೊಡುತ್ತಾನೆ. ಅಕ್ಷರ ಸಣ್ಣದು, ಅಕ್ಕನಿಗೆ ಕಣ್ಣು ಮಂಜಾಗಿದೆ. ಸಕ್ಕರೆ, ಬಿಪಿ ಎರಡೂ ಗೆರೆಯ ಕೆಳಗಿವೆ, ಐದು ಕೇಜಿ ಇಳಿದಿದ್ದೇನೆ, ನಾಳೆಯಿಂದ ಎಂದಿನಂತೆ ಡ್ಯೂಟಿ ಎಂದು ಅವನೇ ಓದಿ ಹೇಳುತ್ತಾನೆ. ಕ್ಯಾಂಟೀನಿನ ನಾಲ್ಕು ಗೋಡೆಯೊಳಗೆ ಸೊಟ್ಟ ಕ್ಯಾರೆಟ್ಟಿನಿಂದ ಒಬ್ಬ ಮನುಷ್ಯನ ಕೆಲಸ ಉಳಿದಿದೆ.

ಆಮೇಲೆ ಅಕ್ಕ ಕೈ ಒರೆಸಿಕೊಂಡು ಗೇಟಿನ ಕಡೆ ನಡೆಯುತ್ತಾರೆ. ಭಾವ ಸ್ಟೂಲಿನ ಮೇಲೆ ಕೂತು ರಸ್ತೆಯ ಸದ್ದಿಗೆ ಕಿವಿಗೊಟ್ಟಿದ್ದಾರೆ. ಹತ್ತೊಂಬತ್ತರವನು ಪಾಸಾದ, ಈ ವರ್ಷ ನಮ್ಮ ಡಿಪೋದಲ್ಲಿ ಸ್ಟೇರಿಂಗ್ ಬಿಟ್ಟವರು ಒಬ್ಬರೂ ಇಲ್ಲ ಎಂದು ಅಕ್ಕ ಹೇಳುತ್ತಾರೆ. ಭಾವ ನಗುತ್ತಾರೆ.

"ಅಂದ್ರೆ ಗೇಟಿಗೆ ನಂಗೆ ಜೊತೆ ಯಾರೂ ಬರಲ್ಲ ಅಂತಾಯ್ತು."

ಅಕ್ಕ ಅವರ ಅಂಗಿಯ ಕಾಲರು ಸರಿಮಾಡುತ್ತಾರೆ.

"ನೀವೊಬ್ರೇ ಸಾಕು ರೀ."