ಟವೆಲ್ ಹಾಕಿದ ಟರ್ಮಿನಲ್

ಪರದೆಯ ಮೇಲಿನ ಅಕ್ಷರಗಳು ಹಸಿರಾಗಿದ್ದವೋ ಕಿತ್ತಳೆ ಬಣ್ಣದ್ದಾಗಿದ್ದವೋ, ಈಗ ಆಣೆ ಮಾಡಿ ಹೇಳಲಾರೆ. ದಿನಚರಿಯಲ್ಲಿ ಹಸಿರು ಎಂದೇ ಇದೆ. ಆದರೆ ಅದನ್ನು ಬರೆದದ್ದು ಎಷ್ಟೋ ವರ್ಷಗಳ ನಂತರ, ಅಷ್ಟರಲ್ಲಿ ಹಸಿರು ಅಕ್ಷರದ ಕಂಪ್ಯೂಟರುಗಳನ್ನು ಸಿನಿಮಾಗಳಲ್ಲಿ ಬೇಕಾದಷ್ಟು ನೋಡಿದ್ದೆ. ನನ್ನ ನೆನಪಿನ ಸ್ವಭಾವವೇ ಹೀಗೆ. ಎಲ್ಲಿಂದಲೋ ಕಡ ತಂದದ್ದನ್ನು ತನ್ನದೇ ಎಂದು ಸಾಧಿಸುತ್ತದೆ. ಮುಂದಿನದನ್ನು ನೀವು ಜರಡಿ ಹಿಡಿದುಕೊಂಡೇ ಓದುವುದು ಒಳ್ಳೆಯದು.

ಆಗ ನಾನು ಕೂಕಟ್‌ಪಲ್ಲಿಯಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ಕಾಕಾನ ಮನೆಯಲ್ಲಿದ್ದೆ. ಕಾಕಾನ ಮಗಳು ವಿಮಲಕ್ಕ ಮತ್ತು ನಾನು ದಿನವೂ ಬಸ್ಸಿನಲ್ಲಿ ಅಮೀರ್‌ಪೇಟ್‌ಗೆ ಹೋಗಿ ಕಂಪ್ಯೂಟರ್ ಕಲಿಯುತ್ತಿದ್ದೆವು. ಕಂಪ್ಯೂಟರ್ ಇದ್ದದ್ದು ಒಂದೇ. ಅದು ಗಾಜಿನ ಕೋಣೆಯಲ್ಲಿ ಎಸಿ ಹಾಕಿಸಿಕೊಂಡು ಕೂತಿರುತ್ತಿತ್ತು. ಅದರಿಂದ ಹೊರಟ ತಂತಿಗಳ ತುದಿಯ, ಬರೀ ಪರದೆ ಮತ್ತು ಕೀಬೋರ್ಡಿನ, ಟರ್ಮಿನಲ್‌ಗಳ ಮುಂದೆ ನಾವು, ಫ್ಯಾನಿನ ಕೆಳಗೆ.

ಒಂದೇ ಯಂತ್ರದಲ್ಲಿ ಅಷ್ಟು ಜನರ ಸಂಸಾರವೆಂದರೆ ಕೂಡು ಕುಟುಂಬವೇ. ‘ಹೂ’, ಅಂದರೆ ಇಂಗ್ಲಿಷಿನ ‘ಯಾರು’, ಎಂದು ಒತ್ತಿದರೆ ಒಳಗೆ ಯಾರ‍್ಯಾರಿದ್ದಾರೆಂದು ಹೇಳುತ್ತಿತ್ತು. ‘ಎಲ್ಎಸ್’ ಎಂದರೆ ಕಪಾಟಿನಲ್ಲಿ ಏನೇನಿದೆ ಎಂದು ತೋರಿಸುತ್ತಿತ್ತು, ಪಕ್ಕದವರ ಕಪಾಟನ್ನೂ ಸೇರಿಸಿ. ‘ರೈಟ್’, ಅಂದರೆ ‘ಬರೆ’, ಎಂದು ಒತ್ತಿದರೆ ಇನ್ನೊಬ್ಬರ ಪರದೆಯ ಮೇಲೆ, ಅವರು ಏನೇ ಮಾಡುತ್ತಿರಲಿ, ನಮ್ಮ ಒಂದು ಸಾಲು ಹೋಗಿ ಬೀಳುತ್ತಿತ್ತು, ಕಳಿಸಿದವರ ಹೆಸರಿನ ಸಮೇತ. ಪಾಸ್‌ವರ್ಡ್ ಎಂಬ ಬೀಗವೇನೋ ಇತ್ತು. ಆದರೆ ಅರ್ಧ ಬ್ಯಾಚು ಅಲ್ಲಿ ಮನೆದೇವರ ಹೆಸರಿಟ್ಟಿತ್ತು. ಯಾವ ಕಡೆಯವರೆಂದು ವಿಚಾರಿಸಿದರೆ ಸಾಕು, ಬೀಗ ತೆಗೆದಂತೆಯೇ.

ಇದಕ್ಕಿಂತ ದೊಡ್ಡ ಕಿಂಡಿಯನ್ನು ನಾವೇ ಕೊರೆದಿದ್ದೆವು. ಟರ್ಮಿನಲ್‌ಗಳು ಕಡಿಮೆ, ಜನ ಜಾಸ್ತಿ. ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮಗೆ ಉಪಾಯ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಹಾಕ್ಕೆ ಹೋಗುವಾಗ ಲಾಗಿನ್ ಹಾಗೇ ಬಿಟ್ಟು ಕೀಬೋರ್ಡಿನ ಮೇಲೆ ಕರವಸ್ತ್ರ ಹಾಕಿ ಹೋಗುವುದು. ಅದಕ್ಕೂ ನಾವು ‘ಟವೆಲ್ ಹಾಕುವುದು’ ಎಂದೇ ಅನ್ನುತ್ತಿದ್ದೆವು. ಬಸ್ಸಿನಲ್ಲಿ ಟವೆಲ್ ಎತ್ತಿ ಕೂತವನು ಸೀಟನ್ನಷ್ಟೇ ಕದಿಯುತ್ತಾನೆ, ಇಲ್ಲಿ ಕೂತವನು ಹೆಸರನ್ನೂ ಕದಿಯಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ಪುಣೆ ಕಡೆಯ ಒಂದು ಕಂಪನಿ ನಮ್ಮಲ್ಲಿ ಕೆಲವರನ್ನು ಇಂಟರ್‌ವ್ಯೂಗೆ ಆರಿಸಿತು. ವಿಮಲಕ್ಕನ ಹೆಸರೂ ಬಂತು. ಕಾಕಾ ಅಂಗಡಿಗೆ ಬಂದವರಿಗೆಲ್ಲ ಪೇಡೆ ಹಂಚಿದ. ಇಂಟರ್‌ವ್ಯೂನ ಹಿಂದಿನ ದಿನ ನಮಗೆ ಕಲಿಸುತ್ತಿದ್ದ ಸರ್ ಅವರ ಪರದೆಯ ಮೇಲೆ ಅಕ್ಕನ ಹೆಸರಿನಿಂದ ಒಂದು ಸಾಲು ಬಿತ್ತು, ನಾನು ಬರುವುದಿಲ್ಲ, ಹೆಸರು ತೆಗೆಯಿರಿ ಎಂದು. ಅವರು ತೆಗೆದರು. ಆ ಜಾಗ ಮುಂದಿನ ಸರದಿಯಲ್ಲಿದ್ದ ಚಷ್ಮಾದ ಹುಡುಗನಿಗೆ ಹೋಯಿತು. ಸಾಲು ಪರದೆಯಲ್ಲಿ ಮೇಲೆ ಸರಿದು ಅಳಿಸಿಹೋಯಿತು.

ಚಹಾಕ್ಕೆ ಹೋಗಿದ್ದೆ, ಟವೆಲ್ ಹಾಕಿದ್ದೆ ಎಂದಳು ಅಕ್ಕ. ಕಾಕಾನಿಗೆ ಅಷ್ಟು ಸಾಕಾಯಿತು. “ನಮ್ಮ ಹುಡುಗಿದು ಏನ್ ತಪ್ಪೈತ್ರಿ, ಬಾಗ್ಲಾ ಇಲ್ಲದ ಮಿಷಿನ್ ಇಟ್ಕೊಂಡು ಫೀಸ್ ತಗೋತಾರ” ಎಂದು ಸೀರೆ ಮಡಿಸುತ್ತ ಗಿರಾಕಿಗಳಿಗೆ ಹೇಳಿದ. ಕಳ್ಳ ಯಾರೆಂಬ ಬಗ್ಗೆ ಮನೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಕೋರ್ಸು ಮುಗಿಯುವವರೆಗೆ ನಾನು ಚಷ್ಮಾದವನ ಜೊತೆ ಮಾತಾಡಲಿಲ್ಲ. ಒಮ್ಮೆ ಅವನು ಬಿಸ್ಕತ್ತಿನ ಪೊಟ್ಟಣ ಚಾಚಿದಾಗ ಅದರಲ್ಲಿ ವೈರಸ್ ಇದೆಯೇನೋ ಎಂಬಂತೆ ನೋಡಿದೆ. ಆಮೇಲೆ ನಮ್ಮ ಮನೆತನದ ಪ್ರತಿ ಮದುವೆಯಲ್ಲೂ ಈ ಕಥೆ ಹೇಳಿದ್ದಾಯಿತು. ವರ್ಷ ಕಳೆದಂತೆ ಕಳ್ಳನ ಚಷ್ಮಾ ದಪ್ಪವಾಗುತ್ತ ಹೋಯಿತು.

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರು ಫೋನಿಗೆ ಬೀಗ ಹಾಕುವ ಬಗ್ಗೆ ನಾಲ್ಕು ಮಾತು ಹೇಳಿ ಎಂದರು. ಇದೇ ಕಥೆ ಹೇಳೋಣವೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೆ. ಟವೆಲ್ ಪ್ರಸಂಗಕ್ಕೆ ಬಂದಾಗ ಬಾಯಿ ನಿಂತಿತು. ವಿಮಲಕ್ಕ ಎಂದಾದರೂ ಟವೆಲ್ ಹಾಕಿದ್ದಳೇ?

ಬಸ್ಸಿನಲ್ಲೇ ಹಾಕಿದವಳಲ್ಲ, ಅಮೀರ್‌ಪೇಟ್‌ವರೆಗೆ ನಿಂತೇ ಬರುವವಳು. ಟರ್ಮಿನಲ್ ಬಿಡುವಾಗ ‘ಎಕ್ಸಿಟ್’ ಒತ್ತಿ, ಪರದೆ ಮತ್ತೆ ಹೆಸರು ಕೇಳುವವರೆಗೆ ಕಾದು, ಆಮೇಲೆ ಕುರ್ಚಿ ಬಿಡುತ್ತಿದ್ದಳು. ಮನೆಯಲ್ಲೂ ಬೀಗ ಹಾಕಿ ಜಗ್ಗಿ ಜಗ್ಗಿ ನೋಡುವಳು. “ಕಿತ್ತ ಕೈಯಾಗ ಬರತೈತಿ ನೋಡವ್ವ, ಕಳ್ಳರಿಗೆ ಭಾಳ ಅನುಕೂಲ ಆಗತೈತಿ” ಎಂದು ಕಾಕಿ ಕಿಚಾಯಿಸುತ್ತಿದ್ದಳು. ಅಂಥವಳು ಅದೊಂದೇ ದಿನ, ಅದೇ ದಿನ, ಮರೆತಳೇ? ಮತ್ತೆ, ಅದೇ ತಿಂಗಳು ಅವಳು ಕುಷಾಯಿಗೂಡದ ಒಂದು ಶಾಲೆಯಲ್ಲಿ ಪಾಠ ಮಾಡಲು ಸೇರಿಕೊಂಡಳು. ಇಂದಿಗೂ ಅಲ್ಲೇ ಇದ್ದಾಳೆ. ಪುಣೆ ತಪ್ಪಿತೆಂದು ಒಂದು ದಿನವೂ ಹಲುಬಿದ್ದು ನಾನು ಕೇಳಿಲ್ಲ. ಪೇಡೆ ಹಂಚಿದ ಅಪ್ಪನ ಎದುರು ನಿಂತು ಒಲ್ಲೆ ಎನ್ನುವುದು ಆ ಮನೆಯಲ್ಲಿ ಆಗದ ಮಾತು. ಬಾಗಿಲಿಲ್ಲದ ಯಂತ್ರದಲ್ಲಿ ಕಳ್ಳರು ಒಳಗೆ ಬರುತ್ತಾರೆ, ನಿಜ. ಒಳಗಿದ್ದವರು ಸದ್ದಿಲ್ಲದೆ ಹೊರಗೂ ಹೋಗಬಹುದು.

ಇಷ್ಟೆಲ್ಲ ನನ್ನ ಊಹೆ. ‘ಎಕ್ಸಿಟ್’ ಒತ್ತಿ ಕಾಯುವ ಅಕ್ಕನನ್ನೂ ನನ್ನ ನೆನಪು ಹಸಿರು ಅಕ್ಷರಗಳ ಹಾಗೆ ಕಡ ತಂದಿರಬಹುದು. ಆದರೆ ಊಹೆ ನಿಜವಾಗಿದ್ದರೆ, ಎಲ್ಲೋ ಒಬ್ಬ ಮನುಷ್ಯ ಇಷ್ಟು ವರ್ಷ ನಮ್ಮ ಮದುವೆಯೂಟಗಳಲ್ಲಿ ಸುಮ್ಮಸುಮ್ಮನೆ ಕಳ್ಳನಾಗಿದ್ದಾನೆ. ಕಾಕಾ ಈಗಿಲ್ಲ, ನಿಜ ಹೇಳಿದರೆ ನೋಯುವವರೂ ಇಲ್ಲ. ಕೇಳಿಯೇ ಬಿಡುವುದೆಂದು ಭಾನುವಾರ ಕುಷಾಯಿಗೂಡಕ್ಕೆ ಹೋದೆ.

ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಕೇಳಿದೆ. ಅವಳ ಕೈಯ ತಾಳ ಒಂದು ಕ್ಷಣ ತಪ್ಪಿತು, ಅಥವಾ ತಪ್ಪಿತೆಂದು ನನಗೆ ಅನಿಸಿತು.

“ಬಿಸಿ ಐತಿ, ಮೊದ್ಲ ತಿನ್ನು” ಎಂದಳು.

ಆ ಕಾಲದ ಯಂತ್ರದಲ್ಲಿ ‘ಮೆಸೇಜ್ ಎನ್’ ಎಂಬ ಆಜ್ಞೆಯೊಂದಿತ್ತು. ಅದನ್ನು ಒತ್ತಿದವರ ಪರದೆಗೆ ಉಳಿದವರ ಸಾಲುಗಳು ತಲುಪುತ್ತಲೇ ಇರಲಿಲ್ಲ. ಎಲ್ಲ ಕಿಂಡಿಗಳ ನಡುವೆ ಅದೊಂದು ಕದ ಗಟ್ಟಿ. ನಾನು ಮೂರು ರೊಟ್ಟಿ ತಿಂದು ಬಂದೆ.

ಅಪಾರ್ಟ್‌ಮೆಂಟಿನಲ್ಲಿ ಮಾತಾಡಿದೆ, ಕಳ್ಳನನ್ನು ಬಿಟ್ಟು. ಕಥೆ ಸಪ್ಪೆಯಾಯಿತು, ಚಪ್ಪಾಳೆಯೂ ಅಷ್ಟಕ್ಕಷ್ಟೇ. ಇನ್ನು ಮುಂದೆ ಯಾವ ಮದುವೆಯಲ್ಲೂ ಆ ಚಷ್ಮಾದವನ ಮೇಲೆ ಮಾತು ಬೀಳಲು ಬಿಡುವುದಿಲ್ಲ ಎಂದು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಈ ಭಾನುವಾರವೂ ಕುಷಾಯಿಗೂಡಕ್ಕೆ ಹೋಗುವವಳಿದ್ದೇನೆ. ರೊಟ್ಟಿ ಆರಿದರೂ ಚಿಂತೆಯಿಲ್ಲ, ಮೊದಲು ಅದನ್ನೇ ಕೇಳುವೆ:

“ಅಕ್ಕಾ, ಆ ಸಾಲು ನೀನ ಬರ್ದಿದ್ದೇನು?”